ತುಕ್ಕಿನೊಳಗಿನ ಹಾಡು

ನಲವತ್ತು ದಾಟಿದ ನಾಲ್ಕು ಮಂದಿ ಒಂದೆಡೆ ಕೂತರೆ ಮಾತು ಸುತ್ತಿ ಬಳಸಿ ಬಾಲ್ಯಕ್ಕೆ ಬಂದು ನಿಲ್ಲುತ್ತದೆ. ಲಗೋರಿ, ಚಿನ್ನಿದಾಂಡು, ಕುಂಟೆಬಿಲ್ಲೆ, ಚೌಕಾಬಾರ. ಟಿ.ವಿ. ಇದ್ದವರ ಮನೆಯ ಹೊಸ್ತಿಲಲ್ಲಿ ಕೂತು ನೋಡಿದ ಚಿತ್ರಮಂಜರಿ. 1987ರಲ್ಲಿ ಭಾನುವಾರದ ಬೆಳಿಗ್ಗೆ ಬೀದಿಗಳನ್ನೇ ಬರಿದು ಮಾಡಿದ ರಾಮಾಯಣ. ಆಗುಂಬೆಯನ್ನು ಮಾಲ್ಗುಡಿ ಮಾಡಿ ತೋರಿಸಿದ ಶಂಕರನಾಗ್. ಪಟ್ಟಿ ಮುಗಿಯುವ ಹೊತ್ತಿಗೆ ಯಾರಾದರೂ ನಿಟ್ಟುಸಿರು ಬಿಡುತ್ತಾರೆ: 'ಈಗಿನ ಮಕ್ಕಳಿಗೆ ಅದೆಲ್ಲ ಎಲ್ಲಿ?'

ನಾನೂ ಇಂಥ ಹರಟೆಗಳಲ್ಲಿ ಖುಷಿಯಿಂದ ಕೂತವನೇ. ಆದರೆ ಈಚೆಗೆ ಒಂದು ಅನುಮಾನ ಕಾಡುತ್ತಿದೆ. ನಾವು ಆಟಿಕೆಗಳ ಹೆಸರನ್ನಷ್ಟೇ ಕಾಪಾಡಿಕೊಂಡಿದ್ದೇವೆ. ಅವುಗಳ ಮುಂದೆ ಬಾಯಿಬಿಟ್ಟು ನಿಂತಾಗ ಒಳಗೆ ಏಳುತ್ತಿದ್ದ 'ಇದು ಹೇಗೆ?' ಎಂಬ ಪ್ರಶ್ನೆಯನ್ನು ಎಲ್ಲಿ ಬಿಟ್ಟೆವು?

ಬುಗುರಿಯನ್ನೇ ನೋಡಿ. ಸುಮ್ಮನೆ ಇಟ್ಟರೆ ಅರೆಗಳಿಗೆಯೂ ನಿಲ್ಲಲಾರದ ಮರದ ತುಂಡು, ಚಾಟಿ ಸುತ್ತಿ ಬೀಸಿದೊಡನೆ ಮೊಳೆಯ ತುದಿಯ ಮೇಲೆ ನಿಂತುಬಿಡುತ್ತಿತ್ತು. ವಾಲಿದರೂ ಬೀಳುತ್ತಿರಲಿಲ್ಲ. ಎದುರಾಳಿಯ ಬುಗುರಿಗೆ ಗುನ್ನ ಹೊಡೆಯುವ ಅವಸರದಲ್ಲಿ ನಾವು ಅದನ್ನು ಅಷ್ಟಕ್ಕೇ ಬಿಟ್ಟೆವು. 1950ರ ದಶಕದ ಒಂದು ಪ್ರಸಿದ್ಧ ಛಾಯಾಚಿತ್ರದಲ್ಲಿ ಭೌತವಿಜ್ಞಾನಿಗಳಾದ ನೀಲ್ಸ್ ಬೋರ್ ಮತ್ತು ವೋಲ್ಫ್‌ಗಾಂಗ್ ಪೌಲಿ ಸೊಂಟ ಬಗ್ಗಿಸಿ ನಿಂತಿದ್ದಾರೆ. ಜಾಗ ಸ್ವೀಡನ್ನಿನ ಲುಂಡ್. ಇಬ್ಬರೂ ಅಷ್ಟರಲ್ಲಿ ನೊಬೆಲ್ ಪಡೆದವರು. ಅವರ ಕಣ್ಣು ನೆಟ್ಟಿರುವುದು ನೆಲದ ಮೇಲೆ ತಿರುಗುತ್ತಿರುವ ಪುಟ್ಟ ಬುಗುರಿಯ ಮೇಲೆ. ತಿರುಗುತ್ತ ತಿರುಗುತ್ತ ತಾನೇ ತಲೆಕೆಳಗಾಗಿ ನಿಲ್ಲುವ ಬುಗುರಿ ಅದು. ಪರಮಾಣುವಿನ ಒಳಗನ್ನು ಲೋಕಕ್ಕೆ ಬಿಡಿಸಿ ಹೇಳಿದವರಿಗೂ ಅದು ಮಕ್ಕಳಾಟವಾಗಿ ಕಾಣಲಿಲ್ಲ.

ಚನ್ನಪಟ್ಟಣದ ಗೊಂಬೆಯ ಹೊಳಪಿಗೂ ಒಂದು ಕತೆಯಿದೆ. ತಿರುಗುವ ಆಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ಬೆಂಕಿ ಬೇಕಿಲ್ಲ, ಉಜ್ಜಿದ ಶಾಖಕ್ಕೇ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಆ ಅರಗೋ, ಕೊಂಬೆಯ ರಸ ಹೀರುವ ಸಣ್ಣ ಹುಳುವೊಂದು ತನ್ನ ಮೈ ಕಾಯಲು ಸ್ರವಿಸಿಕೊಂಡದ್ದು. ಹುಳುವಿನ ಮನೆ ಮಗುವಿನ ಗಿಲಕಿಯಾಗಿದೆ.

ಇನ್ನು ಕ್ಯಾಸೆಟ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಕಟ್ಟಿದ 'ನಿತ್ಯೋತ್ಸವ' 1978ರಲ್ಲಿ ಬಂದ ಮೇಲೆ ಭಾವಗೀತೆ ಕ್ಯಾಸೆಟ್ಟಿನಲ್ಲಿ ಮನೆಮನೆ ಹೊಕ್ಕಿತು. ಟೇಪು ಸಿಕ್ಕಿಕೊಂಡಾಗ ಪೆನ್ಸಿಲ್ ತೂರಿಸಿ ಸುತ್ತಿದ್ದು ಎಲ್ಲರಿಗೂ ನೆನಪಿದೆ. ಆ ಕಂದು ಪಟ್ಟಿಯ ಮೇಲೆ ಬಳಿದಿದ್ದದ್ದು ತುಕ್ಕಿನ ಬಳಗಕ್ಕೇ ಸೇರಿದ ಕಬ್ಬಿಣದ ಆಕ್ಸೈಡಿನ ಪುಡಿ. ಅದರ ಕಣಗಳು ಯಾವ ದಿಕ್ಕಿಗೆ ಕಾಂತವಾಗಿವೆ ಎಂಬುದಷ್ಟೇ ಹಾಡು. ಅನಂತಸ್ವಾಮಿಯವರ ದನಿ ತುಕ್ಕಿನಲ್ಲಿ ಕೂತಿತ್ತು, ಕರೆದಾಗಲೆಲ್ಲ ಎದ್ದು ಬರುತ್ತಿತ್ತು. ಆಗ ತಿಳಿಯದಿದ್ದ ಈ ಸಂಗತಿ ಈಗ ತಿಳಿದ ಮೇಲೆ ಆ ಹಾಡುಗಳು ನನಗೆ ಇನ್ನೂ ಹತ್ತಿರವಾಗಿವೆ.

ಟಿ.ವಿ.ಯದು ಇದಕ್ಕೂ ದೊಡ್ಡ ಸೋಜಿಗ. ಬೆಂಗಳೂರು ದೂರದರ್ಶನ 1981ರಲ್ಲಿ ಶುರುವಾಗಿ, ಮಾಡಿನ ಮೇಲೆ ಆಂಟೆನಾಗಳು ಎದ್ದ ಕಾಲ. ಒಬ್ಬ ಮೇಲೆ ಹತ್ತಿ ಕೊಳವೆ ತಿರುಗಿಸುತ್ತ 'ಬಂತಾ?' ಎಂದು ಕೂಗಿದರೆ, ಕೆಳಗಿನಿಂದ 'ಬಂತು, ಬಂತು... ಹೋಯ್ತು!' ಪರದೆಯ ತುಂಬ ಬೂದು ಚುಕ್ಕಿಗಳ ಕುಣಿತ. 'ಇರುವೆ ಬಂತು' ಎಂದು ಬೈಯುತ್ತಿದ್ದೆವು. ಬಹುಪಾಲು ಇರುವೆಗಳು ಪೆಟ್ಟಿಗೆಯ ಒಳಗಿನ, ಸುತ್ತಲಿನ ವಿದ್ಯುತ್ತಿನ ಗದ್ದಲ. ಆದರೆ ನೂರರಲ್ಲಿ ಒಂದರಷ್ಟು ಬಹುದೂರದಿಂದ ಬಂದವು. ವಿಶ್ವ ಹುಟ್ಟಿ ಸುಮಾರು 3,80,000 ವರ್ಷಗಳಾದಾಗ ಹೊರಟ ಬೆಳಕು, 1,300 ಕೋಟಿ ವರ್ಷಕ್ಕೂ ಮಿಕ್ಕಿ ಪಯಣಿಸಿ, ಹಿಗ್ಗಿ ಸೂಕ್ಷ್ಮತರಂಗವಾಗಿ ನಮ್ಮ ಆಂಟೆನಾಕ್ಕೆ ತಾಗಿತ್ತು.

1964ರ ಹೊತ್ತಿಗೆ ಅಮೆರಿಕದಲ್ಲಿ ಆರ್ನೋ ಪೆಂಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ಎಂಬ ವಿಜ್ಞಾನಿಗಳ ಆಂಟೆನಾಕ್ಕೂ ಇದೇ ಬೆಳಕು ಗದ್ದಲವಾಗಿ ಅಂಟಿಕೊಂಡಿತು. ಒಳಗೆ ಗೂಡು ಕಟ್ಟಿದ್ದ ಪಾರಿವಾಳಗಳನ್ನು ಓಡಿಸಿದರು, ಹಿಕ್ಕೆ ಉಜ್ಜಿ ತೊಳೆದರು. ಗದ್ದಲ ಹೋಗಲಿಲ್ಲ. ನಾವೂ ಅವರೂ ಮಾಡಿದ ಕೆಲಸ ಒಂದೇ, ಇರುವೆ ಓಡಿಸುವುದು. ಹೋಗದಿದ್ದಾಗ ಅವರು 'ಏಕೆ?' ಎಂದು ಕೇಳುತ್ತ ಕೂತರು. 1978ರಲ್ಲಿ ನೊಬೆಲ್ ಬಂತು. ಈಗಿನ ಟಿ.ವಿ.ಗಳಲ್ಲಿ ಆ ಇರುವೆಗಳೂ ಇಲ್ಲ. ಸಿಗ್ನಲ್ ತಪ್ಪಿದರೆ ಕಾಣುವುದು ಬರೀ ನೀಲಿ ಪರದೆ.

ಗುಟ್ಟು ತಿಳಿದರೆ ಬೆರಗು ಸಾಯುತ್ತದೆ ಎನ್ನುವವರಿದ್ದಾರೆ. ನನಗೆ ಹಾಗನ್ನಿಸಿಲ್ಲ. ಒಂದು ಗುಟ್ಟು ಬಿಚ್ಚಿದರೆ ಅದರ ಹಿಂದೆ ಇನ್ನೂ ದೊಡ್ಡದೊಂದು ನಿಂತಿರುತ್ತದೆ. ಚಿಕ್ಕಂದಿನಲ್ಲಿ ಪ್ರಶ್ನೆ ಇತ್ತು, ಉತ್ತರ ಹೇಳುವವರಿರಲಿಲ್ಲ. 'ಸುಮ್ನಿರು, ದೊಡ್ಡವನಾದ ಮೇಲೆ ಗೊತ್ತಾಗುತ್ತೆ' ಎನ್ನುತ್ತಿದ್ದರು. ದೊಡ್ಡವರಾದೆವು. ಉತ್ತರ ಅಂಗೈಯಲ್ಲೇ ಸಿಗುವ ಕಾಲವೂ ಬಂತು. ಅಷ್ಟರಲ್ಲಿ ಕೇಳುವುದನ್ನೇ ಬಿಟ್ಟಿದ್ದೆವು. ಬಾಲ್ಯದ ನೆನಪೆಂದು ನಾವು ಹಂಬಲಿಸುವುದರಲ್ಲಿ ಅರ್ಧಪಾಲು ಈ ಕೇಳುವ ಚಟದ್ದೇ ಇರಬೇಕು. ಅದಕ್ಕೆ ಬುಗುರಿಯೇ ಬೇಕೆಂದಿಲ್ಲ.

ಆದ್ದರಿಂದ ಮೊಬೈಲ್ ಹಿಡಿದ ಮಗುವಿನ ಮುಂದೆ 'ನಮ್ಮ ಕಾಲದಲ್ಲಿ...' ಎಂದು ಶುರು ಮಾಡುವ ಮೊದಲು ಅದರ ಪಕ್ಕ ಕೂತು ಒಂದು ಪ್ರಶ್ನೆ ಕೇಳಿ: ಬೆರಳಿಗೆ ಓಗೊಡುವ ಈ ಗಾಜು ಒಣ ಮರದ ಕಡ್ಡಿ ಮುಟ್ಟಿದರೆ ಯಾಕೆ ಮಿಸುಕುವುದಿಲ್ಲ? ಮಾಡಿ ನೋಡಲಿ. ಉತ್ತರ ಇಬ್ಬರಿಗೂ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು, ಇಬ್ಬರೂ ಸೇರಿ ಹುಡುಕಿ.