ಒಂದು ಪೌಂಡಿನ ಬುಟ್ಟಿ

2017ರಲ್ಲಿ ಆನ್‌ಸೈಟ್ ಅಂತ ಇಂಗ್ಲೆಂಡಿನ ಕವೆಂಟ್ರಿ ಹತ್ತಿರದ ಒಂದು ಸಣ್ಣ ಊರಲ್ಲಿ ಆರು ತಿಂಗಳಿದ್ದೆ. ಶನಿವಾರ ಬಂದ್ರೆ ಮಾಡೋಕೆ ಕೆಲಸ ಇಲ್ಲ, ಹೈ ಸ್ಟ್ರೀಟ್ ಸುತ್ತುತ್ತಿದ್ದೆ. ಹೈ ಸ್ಟ್ರೀಟ್ ಅಂದ್ರೆ ನಮ್ಮ ಪೇಟೆ ಬೀದಿ. ಅಲ್ಲೊಂದು ಚಾರಿಟಿ ಅಂಗಡಿ. ಜನ ದಾನ ಕೊಟ್ಟ ಹಳೇ ಕೋಟು, ಪಿಂಗಾಣಿ, ಪುಸ್ತಕ ಮಾರಿ ಬಂದ ದುಡ್ಡನ್ನ ಒಳ್ಳೇ ಕೆಲಸಕ್ಕೆ ಬಳಸ್ತಾರೆ. ಕೌಂಟರಿನಲ್ಲಿ ಸಂಬಳವಿಲ್ಲದೆ ಕೂರುವ ಒಬ್ಬರು ಅಜ್ಜಿ. ಪಕ್ಕದಲ್ಲಿ ಪ್ಲಾಸ್ಟಿಕ್ ಬುಟ್ಟಿ ತುಂಬ ಹಳೇ ವಿಡಿಯೋ ಗೇಮುಗಳು, ಯಾವುದು ತಗೊಂಡ್ರೂ ಒಂದು ಪೌಂಡು.

ಅದರಲ್ಲಿ ಗೇಮ್ ಬಾಯ್‌ನ ಪೋಕೆಮಾನ್ ಯೆಲ್ಲೋ ಕಾರ್ಟ್ರಿಡ್ಜ್ ಸಿಕ್ಕಿತು. ಕೋಟುಗಳ ಮರೆಯಲ್ಲಿ ನಿಂತು ಫೋನಿನಲ್ಲಿ ರೇಟು ನೋಡಿದೆ. ಇಪ್ಪತ್ತು ಪೌಂಡಿನ ಮೇಲೆ. ಅಜ್ಜಿಗೆ ಒಂದು ನಾಣ್ಯ ಕೊಟ್ಟೆ, ಅವರು "ಥ್ಯಾಂಕ್ಯೂ ಲವ್" ಅಂದರು, ಹೊರಗೆ ಬಂದೆ. ತಪ್ಪೇನೂ ಇಲ್ಲ ಅನ್ನೋದಾದ್ರೆ ಕೋಟುಗಳ ಮರೆ ಯಾಕೆ ಬೇಕಿತ್ತು?

ಎರಡು ಸಾವಿರ ವರ್ಷದ ಹಿಂದೆ ರೋಮಿನ ಸಿಸೆರೊ ಹೆಚ್ಚುಕಮ್ಮಿ ಇದೇ ಪ್ರಶ್ನೆ ಎತ್ತಿದ್ದಾನೆ. ಒಬ್ಬ ತನ್ನ ಹತ್ತಿರ ಇರೋದು ಹಿತ್ತಾಳೆ ಅಂದುಕೊಂಡು ಚಿನ್ನ ಮಾರ್ತಾ ಇದ್ದಾನೆ; ಒಳ್ಳೆಯವನಾದವನು ಇದು ಚಿನ್ನ ಕಣಯ್ಯಾ ಅಂತ ಹೇಳಬೇಕೋ, ಸುಮ್ಮನೆ ಕೊಂಡುಕೊಳ್ಳಬೇಕೋ? ಹೇಳಲೇಬೇಕು ಅನ್ನೋದು ಸಿಸೆರೊ ಪಕ್ಷ. ನನಗೆ ಸಿಸೆರೊಗಿಂತ ಮೊದಲು ನೆನಪಾಗಿದ್ದು ಅಪ್ಪ. ಅಟ್ಟದ ಮೇಲೆ ವರ್ಷ ಒಣಗಿದ ಕೊಬ್ಬರಿಯನ್ನ ಮನೆ ಬಾಗಿಲಿಗೆ ಬಂದ ವ್ಯಾಪಾರಿಗೆ ಕೊಡುತ್ತಿದ್ದರು. ತಿಪಟೂರಿನ ಅವತ್ತಿನ ರೇಟು ಅವನಿಗೆ ಗೊತ್ತು, ಅಪ್ಪನಿಗೆ ಗೊತ್ತಿಲ್ಲ. ಅವನೂ ಸುಳ್ಳೇನೂ ಹೇಳ್ತಿರಲಿಲ್ಲ, ಸುಮ್ಮನಿರ್ತಿದ್ದ ಅಷ್ಟೇ. ಈಗ ಫೋನ್ ನನ್ನ ಕೈಲಿತ್ತು.

ಲೆಕ್ಕ ಇಷ್ಟಕ್ಕೇ ಮುಗಿದಿದ್ರೆ ಚೆನ್ನಾಗಿತ್ತು.

ಅಲ್ಲಿನ ಪೇಟೆ ಬೀದಿಗಳಲ್ಲಿ ಹಳೇ ಗೇಮುಗಳ ಜಾಗ ಆಗಲೇ ಕರಗುತ್ತಿತ್ತು. ಹಳೇ ಗೇಮುಗಳಿಗೆ ಹೆಸರಾಗಿದ್ದ ಗೇಮ್‌ಸ್ಟೇಷನ್ ಅಂಗಡಿಗಳನ್ನ 2007ರಲ್ಲಿ 'ಗೇಮ್' ಅನ್ನೋ ಕಂಪನಿ ಕೊಂಡುಕೊಂಡಿತು. 2012ರ ಮಾರ್ಚಿನಲ್ಲಿ ಆ ಕಂಪನಿಯೇ ದಿವಾಳಿ ಅಂಚಿಗೆ ಬಂದು ಒಂದೇ ಏಟಿಗೆ 277 ಅಂಗಡಿ ಬಾಗಿಲು ಹಾಕಿದವು. 2024ರಲ್ಲಂತೂ ಅದು ಗಿರಾಕಿಗಳಿಂದ ಹಳೇ ಗೇಮ್ ತಗೊಳ್ಳೋದನ್ನೇ ನಿಲ್ಲಿಸಿತು. ಹೊಸ ಗೇಮುಗಳು ಡೌನ್‌ಲೋಡ್ ಆಗಿಬಿಟ್ಟಿವೆ. ಡಿಸ್ಕೇ ಇಲ್ಲದಿದ್ರೆ ಮರುಮಾರಾಟಕ್ಕೆ ಏನಿರುತ್ತೆ? ಉಳಿದಿದ್ದು ಚಾರಿಟಿ ಅಂಗಡಿಯ ಇಂಥ ಬುಟ್ಟಿಗಳು.

2019ರಲ್ಲಿ ಅದೇ ಪ್ರಾಜೆಕ್ಟಿಗೆ ಮತ್ತೆ ಹೋದಾಗ ಬುಟ್ಟಿ ಇರಲಿಲ್ಲ. ಅಜ್ಜಿ ಇದ್ದರು. ಫೋನ್ ಹಿಡ್ಕೊಂಡು ಬರೋರು ಜಾಸ್ತಿ ಆದ್ರು, ಅದಕ್ಕೇ ಬೆಲೆ ಇರೋದನ್ನೆಲ್ಲ ಈಗ ಆನ್‌ಲೈನ್ ಮಾರಾಟಕ್ಕೆ ಕಳಿಸ್ತೀವಿ ಅಂದರು. ಸಂಸ್ಥೆಗೆ ದುಡ್ಡು ಚೆನ್ನಾಗಿ ಬರುತ್ತಂತೆ. ಆಮೇಲೆ ಅವರಾಗೇ, ಪ್ರತಿ ಶನಿವಾರ ಒಬ್ಬ ಹುಡುಗ ತನ್ನ ಪಾಕೆಟ್ ಮನಿ ಹಿಡ್ಕೊಂಡು ಬರ್ತಿದ್ದ, ಈಗ ಬರಲ್ಲ ಅಂತ ಸೇರಿಸಿದರು.

ನಾನು ಸಿಕ್ಕಿಹಾಕಿಕೊಂಡಿದ್ದು ಇಲ್ಲಿ. ಅವತ್ತು ನಿಜ ಹೇಳಿದ್ದಿದ್ರೂ ಆಗೋದು ಇದೇ: ಕಾರ್ಟ್ರಿಡ್ಜ್ ಇಪ್ಪತ್ತು ಪೌಂಡಾಗಿ ಆನ್‌ಲೈನ್‌ಗೆ ಹೋಗ್ತಿತ್ತು. ಅಪ್ಪನಿಗೆ ಸರಿಯಾದ ರೇಟು ಗೊತ್ತಾದ್ರೆ ನ್ಯಾಯ. ಅಂಗಡಿಗೆ ಸರಿಯಾದ ರೇಟು ಗೊತ್ತಾದ್ರೆ ಹುಡುಗ ಹೊರಗೆ. ಎರಡೂ ಒಂದೇ ಅಲ್ಲ ಅಂತ ನನಗನ್ನಿಸೋಕೆ ಸ್ವಲ್ಪ ಕಾಲ ಹಿಡೀತು. ಅಪ್ಪನಿಂದ ವ್ಯಾಪಾರಿ ಕಸಿದಿದ್ದು ಕೂಲಿ. ಬುಟ್ಟಿಯ ಒಂದು ಪೌಂಡು, ಬೆಲೆ ಗೊತ್ತಿಲ್ಲದೇ ಇಟ್ಟಿದ್ರೂ, ಬಂದವರಿಗೆ ಸಲ್ಲುವ ಒಂಥರಾ ಕೊಡುಗೆ. ನಮ್ಮೂರಲ್ಲಿ ಹಬ್ಬಕ್ಕೆ ಅಂತ ಯಾರು ಕೇಳಿದ್ರೂ ಹಿತ್ತಲಿನ ಬಾಳೆಎಲೆ ಕೊಯ್ದುಕೊಡ್ತಾರೆ. ಯಾರಾದ್ರೂ ಅದನ್ನ ಕಟ್ಟು ಕಟ್ಟಿ ಸಂತೆಗೆ ಒಯ್ದರು ಅನ್ನಿ, ಮುಂದಿನ ವರ್ಷ ಅವನಿಗೂ ಇಲ್ಲ, ನಿಜವಾಗಿ ಹಬ್ಬ ಮಾಡೋರಿಗೂ ಇಲ್ಲ.

ನಾನು ಮಾರಲಿಲ್ಲವಲ್ಲ ಅಂತ ವಾದ ಮಾಡಬಹುದು. ಆದ್ರೆ ಆಡಬೇಕು ಅನ್ನೋ ಆಸೆಯಿಂದ ಕೊಂಡವನು ರೇಟು ನೋಡಲ್ಲ. ಇಂಜಿನಿಯರಿಂಗ್ ಹಾಸ್ಟೆಲಿನಲ್ಲೇ ಎಮ್ಯುಲೇಟರ್ ಹಾಕಿಕೊಂಡು ಆ ಗೇಮ್ ಆಡಿ ಮುಗಿಸಿದ್ದೆ. ನನಗೆ ಖುಷಿ ಕೊಟ್ಟಿದ್ದು ಗೇಮಲ್ಲ, ಉಳಿದ ಹತ್ತೊಂಬತ್ತು ಪೌಂಡು.

ಅವತ್ತು ಕೌಂಟರಿನ ಡಬ್ಬಿಗೆ ಇಪ್ಪತ್ತರ ನೋಟು ಹಾಕಿದೆ. ಯಾಕೆ ಅಂತ ಅಜ್ಜಿ ಕೇಳಿದರು. ಎಲ್ಲಾ ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಮಗನಿಗಾ ತಗೊಂಡಿದ್ದು?" ಅಂದರು.

"ಇಲ್ಲ, ನನಗೇ."

"ಆಡಿದ್ರಾ?"

"ಒಂದೇ ಸಲ," ಅಂದೆ.