ವಯಸ್ಸಿನ ಲೆಕ್ಕ ಮತ್ತು ತಪ್ಪಿನ ಲೆಕ್ಕ
ಆಟಿಸಂಗೆ ತಾಯಿಯ ಮಮತೆಯ ಕೊರತೆಯೇ ಕಾರಣವೆಂದು ಬ್ರೂನೊ ಬೆಟಲ್‌ಹೈಮ್ 1967ರಲ್ಲಿ ಪುಸ್ತಕ ಬರೆದು ವಾದಿಸಿದರು. ಆ ವಾದ ಸುಳ್ಳೆಂದು ವಿಜ್ಞಾನವೇ ಮುಂದೆ ಒಪ್ಪಿತು. ಈಗ ಬೆರಳು ಹೆತ್ತವರ ವಯಸ್ಸಿನತ್ತ ತಿರುಗಿದೆ.

ತಂದೆಯ ವಯಸ್ಸು ಒಂದು ವರ್ಷ ಹೆಚ್ಚಿದಂತೆ ಮಗುವಿನ ವಂಶವಾಹಿಯಲ್ಲಿ ಸುಮಾರು 2 ಹೊಸ ಬದಲಾವಣೆಗಳು ಹೆಚ್ಚುತ್ತವೆಂದು 2012ರಲ್ಲಿ ಐಸ್‌ಲ್ಯಾಂಡಿನ ಅಧ್ಯಯನ ತೋರಿಸಿತು. ಹೆತ್ತವರ ವಯಸ್ಸಿನೊಂದಿಗೆ ಆಟಿಸಂ ಸಂಭವ ಹೆಚ್ಚುವುದೂ ನಿಜ. ಆದರೆ 40 ದಾಟಿದ ತಂದೆಯರ ಮಕ್ಕಳಲ್ಲೂ ಬಹುಪಾಲಿಗೆ ಆಟಿಸಂ ಇರುವುದಿಲ್ಲ. ಎಳೆಯ ದಂಪತಿಯ ಮಗುವಿಗೂ ಅದು ಇರಬಹುದು.

ತಂಗಿಯರ ಮದುವೆ ಮಾಡಿಸಿ, ಸಾಲ ತೀರಿಸಿ, ತಡವಾಗಿ ನಿಕಾಹ್ ಆದವನಿಗೆ ‘ನಿನ್ನ ವಯಸ್ಸೇ ಕಾರಣ’ ಎನ್ನುವುದು ನ್ಯಾಯವೇ? ಈ ತಿಳಿವಳಿಕೆ ಮದುವೆಗೆ ಮುಂಚೆ ಉಪಯುಕ್ತ. ಮಗು ಹುಟ್ಟಿದ ಮೇಲೆ ಅದು ಬರೀ ಚುಚ್ಚುಮಾತು. ಮಗು ಅಲ್ಲಾಹನು ಒಪ್ಪಿಸಿದ ಅಮಾನತ್. ಅದನ್ನು ಹೇಗೆ ನೋಡಿಕೊಂಡೆವೆಂಬುದಕ್ಕೆ ನಾವು ಉತ್ತರಿಸಬೇಕಾಗಿದೆ. ನೆರೆಹೊರೆಯವರೂ ಅದರಲ್ಲಿ ಪಾಲುದಾರರು.