ಹತ್ತನೆಯವನು



ಮನೆಯಿಂದ ದೂರವಾಗಿ ಪರ ಊರಿನಲ್ಲಿ ಓದಬೇಕಾಗಿ ಬಂದ ಹುಡುಗರ ಕಥೆ ಪವಿತ್ರ ಗ್ರಂಥದಲ್ಲೇ ಇದೆ. ದಾನಿಯೇಲನ ಗ್ರಂಥದ ಮೊದಲ ಅಧ್ಯಾಯ ತೆರೆದು ನೋಡಿ. ಸೆರೆಹಿಡಿದು ತಂದ ಯೆಹೂದ್ಯ ತರುಣರಿಗೆ ಬಾಬಿಲೋನಿನ ಅರಸ ಮೂರು ವರ್ಷಗಳ ಶಿಕ್ಷಣ ಗೊತ್ತುಮಾಡುತ್ತಾನೆ. ಹೊಸ ಭಾಷೆ, ಹೊಸ ವಿದ್ಯೆ, ಅರಮನೆಯ ಊಟ; ಕೊನೆಗೆ ಹೆಸರೂ ಹೊಸದು. ದಾನಿಯೇಲ ಭಾಷೆ ಕಲಿತ, ವಿದ್ಯೆ ಕಲಿತ, ಹೆಸರನ್ನೂ ಸಹಿಸಿಕೊಂಡ. ಊಟಕ್ಕೆ ಮಾತ್ರ ಒಪ್ಪಲಿಲ್ಲ. ಹತ್ತು ದಿನ ಕಾಯಿಪಲ್ಯ, ನೀರು ಕೊಟ್ಟು ನೋಡಿ ಎಂದು ಬೇಡಿಕೊಂಡ. ನಾವು ಅವನ ಧೈರ್ಯವನ್ನು ಹೊಗಳುತ್ತೇವೆ. ಜೊತೆಯಲ್ಲಿ ಹನನ್ಯ, ಮೀಶಾಯೇಲ, ಅಜರ್ಯ ಎಂಬ ಮೂವರು ಇದ್ದರೆಂಬುದನ್ನು ಮರೆಯುತ್ತೇವೆ. ಒಬ್ಬನೇ ಆಗಿದ್ದರೆ ಎಷ್ಟು ದಿನ ಹಾಗೆ ಉಣ್ಣುತ್ತಿದ್ದನೋ!

ಅದೇ ಜನಾಂಗದ ಮಕ್ಕಳು ಇಂದಿಗೂ ಮನೆ ಬಿಟ್ಟು ಕಾಲೇಜಿಗೆ ಹೋಗುತ್ತಾರೆ. ಅಮೆರಿಕದಲ್ಲಿ ಪಾಠಗಳು ಆರಂಭವಾದ ಕೆಲವೇ ವಾರಗಳಲ್ಲಿ ಅವರ ಹೊಸವರ್ಷವೂ ಪ್ರಾಯಶ್ಚಿತ್ತದ ಉಪವಾಸವೂ ಬರುತ್ತವೆ. ಅದೇ ದಿನ ಪರೀಕ್ಷೆ ಇದ್ದರೆ ಏನು ಮಾಡುವುದು? ಶುಕ್ರವಾರ ಸೂರ್ಯ ಮುಳುಗಿದಾಗ ಸಬ್ಬತ್ ಆರಂಭ, ಹಾಸ್ಟೆಲಿನಲ್ಲಿ ಅದೇ ಹೊತ್ತಿಗೆ ಮೋಜು, ಕುಡಿತ. ಮನೆಯಲ್ಲಿ ತಾಯಿ ದೀಪ ಹಚ್ಚಿದೊಡನೆ ಬರುತ್ತಿದ್ದ ಸಬ್ಬತ್ ಇಲ್ಲಿ ತಾನೇ ಹಚ್ಚದಿದ್ದರೆ ಬರುವುದಿಲ್ಲ. (ಎಷ್ಟೋ ಹಾಸ್ಟೆಲುಗಳಲ್ಲಿ ಬೆಂಕಿಯ ಭಯದಿಂದ ಮೇಣದಬತ್ತಿಯೇ ನಿಷಿದ್ಧ!)

ಇಂಥ ಮಕ್ಕಳ ಬಗ್ಗೆ ಮೊದಲು ಮರುಗಿದವರಲ್ಲಿ ಒಬ್ಬರು ಯೆಹೂದ್ಯರೇ ಅಲ್ಲ. ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಬೈಬಲ್ ಸಾಹಿತ್ಯ ಕಲಿಸುತ್ತಿದ್ದ ಎಡ್ವರ್ಡ್ ಚಾನ್ಸಿ ಬಾಲ್ಡ್ವಿನ್ ಎಂಬ ಪ್ರಾಧ್ಯಾಪಕರು, ತಮ್ಮ ಯೆಹೂದ್ಯ ವಿದ್ಯಾರ್ಥಿಗಳಿಗೆ ಅವರ ಪೂರ್ವಜರ ಗ್ರಂಥವೇ ಸರಿಯಾಗಿ ಗೊತ್ತಿಲ್ಲವೆಂದು ಆ ಸಮುದಾಯದ ಹಿರಿಯರ ಗಮನಕ್ಕೆ ತಂದರು. ಬೆಂಜಮಿನ್ ಫ್ರಾಂಕೆಲ್ ಎಂಬ ತರುಣ ರಬ್ಬಿ 1923ರಲ್ಲಿ ಅಲ್ಲಿ ವಿದ್ಯಾರ್ಥಿಗಳಿಗಾಗಿ ಕೇಂದ್ರವೊಂದನ್ನು ತೆರೆದು, ಪುರಾತನ ಗುರು ಹಿಲ್ಲೆಲರ ಹೆಸರಿಟ್ಟರು. ನಾಲ್ಕೇ ವರ್ಷ; 1927ರಲ್ಲಿ, ಮೂವತ್ತರ ವಯಸ್ಸಿನಲ್ಲಿ ಫ್ರಾಂಕೆಲ್ ತೀರಿಕೊಂಡರು. ಹಿಲ್ಲೆಲ್ ಕೇಂದ್ರಗಳು ಈಗ ನೂರಾರು ಕಾಲೇಜುಗಳಲ್ಲಿವೆ.

ಅಲ್ಲಿ ಊಟವಿದೆ, ಹಬ್ಬವಿದೆ, ಸ್ನೇಹವಿದೆ. ಆದರೆ ನನ್ನ ಮನಸ್ಸಿನಲ್ಲಿ ನಿಂತಿರುವುದು ಬೇರೆಯೇ ಒಂದು ಸಂಗತಿ. ಹತ್ತು ಮಂದಿ ಪ್ರಾಪ್ತವಯಸ್ಕರು ಸೇರದೆ ಯೆಹೂದ್ಯರು ಕೆಲವು ಪ್ರಾರ್ಥನೆಗಳನ್ನು ಹೇಳುವಂತಿಲ್ಲ. ಸಂಪ್ರದಾಯಸ್ಥರು ಗಂಡಸರನ್ನು ಮಾತ್ರ ಎಣಿಸುತ್ತಾರೆ, ಬೇರೆ ಪಂಗಡಗಳು ಹೆಂಗಸರನ್ನೂ ಎಣಿಸುತ್ತವೆ. ಈ ಹತ್ತು ಜನರ ಕೂಟಕ್ಕೆ ಮಿನ್ಯಾನ್ ಎಂದು ಹೆಸರು. ತಂದೆಯೋ ತಾಯಿಯೋ ತೀರಿಹೋದಾಗ ಹನ್ನೊಂದು ತಿಂಗಳು ದಿನವೂ ಹೇಳುವ ಕದ್ದೀಶ್ ಅಂಥ ಪ್ರಾರ್ಥನೆ. ಅದರಲ್ಲಿ ಸಾವಿನ ಮಾತೇ ಇಲ್ಲ. ಉದ್ದಕ್ಕೂ ದೇವರ ಸ್ತುತಿ. ದುಃಖಿತನು ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬನೇ ಅದನ್ನು ಹೇಳುವಂತಿಲ್ಲ. 'ಆಮೆನ್' ಎನ್ನಲು ಜನ ಬೇಕು.

ಇಬ್ಬರು ಮೂವರು ಕೂಡಿದಲ್ಲಿ ತಾವಿರುವೆವೆಂದ ಯೇಸುಸ್ವಾಮಿ ಬೆಳೆದದ್ದು ಈ ಜನರ ನಡುವೆಯೇ. ದೂರ ಹೋಗುವ ಮಕ್ಕಳಿಗೆ ನಾವು "ತಪ್ಪದೆ ಪೂಜೆಗೆ ಹೋಗು" ಎನ್ನುತ್ತೇವೆ. "ಅಲ್ಲಿ ಯಾರಿಗೋ ನೀನು ಬೇಕಾಗಿದ್ದೀಯೆ" ಎಂದು ಹೇಳಿದವರು ನಮ್ಮಲ್ಲಿ ಎಷ್ಟು ಮಂದಿ?

ಹೀಗೆ ಊಹಿಸಿಕೊಳ್ಳಿ. ಚಳಿಗಾಲದ ಮುಂಜಾವು, ಪರೀಕ್ಷೆಯ ದಿನಗಳು. ತಂದೆಯನ್ನು ಕಳೆದುಕೊಂಡ ಹುಡುಗನೂ ಸೇರಿ ಒಂಬತ್ತೇ ಜನ. ಯಾರೋ ಫೋನು ಮಾಡುತ್ತಾರೆ. ಆ ಕಡೆಯವನು ತಿಂಗಳುಗಳಿಂದ ಪ್ರಾರ್ಥನೆಗೆ ಬಂದವನಲ್ಲ. ದೇವರಿದ್ದಾನೆಯೇ ಎಂಬುದೇ ಅವನಿಗೆ ಸಂಶಯ. ನಂಬಿಕೆ ಇದೆಯೇ ಎಂದು ಅವನನ್ನು ಯಾರೂ ಕೇಳುವುದಿಲ್ಲ. "ಒಬ್ಬ ಕಡಿಮೆ ಇದ್ದಾನೆ, ಬಾ" ಎನ್ನುತ್ತಾರೆ, ಅಷ್ಟೆ. ಅವನು ಮಲಗಿದ್ದ ಬಟ್ಟೆಯ ಮೇಲೇ ಕೋಟು ಹಾಕಿಕೊಂಡು ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾನೆ. ಮುಂದೆ ಆ ಹುಡುಗ ಎದ್ದು ನಿಂತು ಕದ್ದೀಶ್ ಆರಂಭಿಸುತ್ತಾನೆ. ಉಳಿದ ಒಂಬತ್ತು ಮಂದಿ 'ಆಮೆನ್' ಎನ್ನುತ್ತಾರೆ.